ನಲವತ್ತೆರಡು ಕಾರ್ಡು, ಒಂದು ಕಿಂಡಿ

ಬಾಗಿಲು ಧಡ್ ಎಂದು ಮುಚ್ಚಿತು. ಹೊರಗಿನಿಂದ ಚಿಲಕ... ಆಮೇಲೆ ಕೀಲಿ.

ಹೊರಗೆ ಮೇ ತಿಂಗಳ ಮಧ್ಯಾಹ್ನ, ನಲವತ್ತೊಂದು ಡಿಗ್ರಿ. ಒಳಗೆ ಮೂರು. ಮೈಮೇಲೆ ಅರ್ಧ ತೋಳಿನ ಅಂಗಿ. ಅಂಗಿಯೊಳಗೆ, ಹೊಟ್ಟೆಗೆ ಒತ್ತಿಕೊಂಡು, ರಬ್ಬರ್ ಬ್ಯಾಂಡ್ ಹಾಕಿದ ನಲವತ್ತೆರಡು ಕಾರ್ಡು.

ಬಾಗಿಲು ಹಾಕುವ ಮೊದಲು ಠೇಕೇದಾರ ಶಂಕರೆಪ್ಪ ಹೇಳಿದ್ದು ಇಷ್ಟೇ. "ಆ ಕಾರ್ಡ ನನ್ನ ಕೈಯಾಗ ಕೊಡೂ ಮನಸಾದ್ರ ಮೂರು ಸಲ ಬಡಿ, ಗುರುಸಿದ್ದ. ತೆಗಿತೀನಿ. ಇಲ್ಲಂದ್ರ ಅಲ್ಲೇ ಕುಂದ್ರು."

ಗುರುಸಿದ್ದ ಅಂದರೆ ನಾನೇ. ಬೆಳುಂಕಿ ರಸ್ತೆಯ ಈ ಕೋಲ್ಡ್ ಸ್ಟೋರೇಜಿನಲ್ಲಿ ಒಣದ್ರಾಕ್ಷಿ ಆರಿಸುವ ನಲವತ್ತೆರಡು ಹೆಂಗಸರ ಮೇಲೆ ಮುಕಾದಮ. ಜಗಳ ಎದ್ದರೆ ಬಿಡಿಸುವವನು ನಾನು. ಯಾರಾದರೂ ಬಾಯಿ ಎತ್ತಿದರೆ ಮುಚ್ಚಿಸುವವನೂ ನಾನೇ. ಎರಡು ಸಲ ನನ್ನ ಮೇಲೆ ಚಾಕು ಎತ್ತಿದ್ದಾರೆ, ಹೆದರಿಲ್ಲ. ಈ ಪ್ಲಾಸ್ಟಿಕ್ ಕಾರ್ಡಿಗೆ ಹೆದರಿದೆ!

ಅವು ಆಸ್ಪತ್ರೆಯ ವಿಮೆ ಕಾರ್ಡು. ತೋರಿಸಿದರೆ ಕೆಲಸದವರಿಗೂ ಮನೆಯವರಿಗೂ ಆಪರೇಷನ್ ಪುಕ್ಕಟೆ. ಎರಡು ವರ್ಷದ ಹಿಂದೆ ಬಂದವು. ಹಂಚುವುದು ನನ್ನ ಕೆಲಸ. ಶಂಕರೆಪ್ಪ ಬೇಡ ಎಂದ. ಒಂದು ಹಕ್ಕು ಗೊತ್ತಾದರೆ ವಾರದ ರಜೆ ಕೇಳುತ್ತಾರೆ, ಹೆರಿಗೆ ರಜೆ ಕೇಳುತ್ತಾರೆ, ನಾಳೆ ತನ್ನ ಕುರ್ಚಿಯನ್ನೂ ಕೇಳುತ್ತಾರೆ ಎಂದ. ಎಲ್ಲರಿಗೂ ಹಂಚಿದೆ ಎಂಬ ಕಾಗದಕ್ಕೆ ನಾನು ಸಹಿ ಹಾಕಿದೆ. ಹಾಕಿದ್ದಕ್ಕೆ ನನ್ನ ಕಾರ್ಡು ನನಗೆ ಸಿಕ್ಕಿತು. ಹೆಂಡತಿ ಉಮಾಶ್ರೀಯ ಆಪರೇಷನ್ ಅದರಲ್ಲೇ ಆಯಿತು. ಮನೆಯ ಚಮಚವೂ ಮಾರಬೇಕಾಗಲಿಲ್ಲ.

ನಾನು ಬಾಯಿಗೆ ಬೀಗ ಹಾಕಿಕೊಂಡೆ.

ಹೋದ ವರ್ಷ ಆ ಹೆಂಗಸರಲ್ಲೊಬ್ಬಳಾದ ಸಿದ್ದಲಿಂಗವ್ವನ ಗಂಡನಿಗೆ ಮೂತ್ರಕೋಶದಲ್ಲಿ ಕಲ್ಲು. ಆಪರೇಷನ್ ಖರ್ಚಿಗೆ ಆಕೆ ಮನೆಯ ಮಾಡಗ್ಯಾಳ ತಳಿಯ ಟಗರನ್ನು ಮಾರಿದಳು. ಗಿಣಿಮೂಗಿನ, ಸೊಂಟದೆತ್ತರದ ಟಗರು. ಬಜಾರಿಗೆ ಅದರ ಹಗ್ಗ ಹಿಡಿದು ಹೋದವನು ನಾನೇ. ಚಲೋ ಗಿರಾಕಿ ಹುಡುಕಿಕೊಟ್ಟೆನೆಂದು ಆಕೆ ನನ್ನನ್ನು ಕೂಡಿಸಿ ಚಹಾ ಕೊಟ್ಟಳು. ಕುಡಿದೆ. ಎಂಥ ಮನುಷ್ಯ ನಾನು, ನೀವೇ ಹೇಳಿ.

ಇವತ್ತು ಬೆಳಿಗ್ಗೆ ದುಂಡವ್ವ ಕೆಲಸಕ್ಕೆ ಬಂದಾಗ ಸೆರಗಿನ ಗಂಟಿನಲ್ಲಿ ಕಿಣಿ ಕಿಣಿ ಸದ್ದು. ಟಗರಿನ ಕೊರಳ ಗಂಟೆ. ಇವರ ಮನೆಗಳಲ್ಲಿ ಟಗರು ಮಾರಿದರೂ ಗಂಟೆ ಮಾರುವುದಿಲ್ಲ, ಬಿಚ್ಚಿಟ್ಟುಕೊಳ್ಳುತ್ತಾರೆ. ಕೇಳಿದೆ. ಸೊಸೆ ಶೀತಲಳ ಹೊಟ್ಟೆಯಲ್ಲಿ ಗಡ್ಡೆ, ಆಪರೇಷನ್ ಆಗಬೇಕು, ಟಗರನ್ನು ಮಗ ಬಸಗೊಂಡ ಸಂಜೆ ಬಜಾರಿಗೆ ಒಯ್ಯುತ್ತಾನೆ ಎಂದಳು.

ಸೀದಾ ಆಫೀಸಿಗೆ ಹೋದೆ. ಶಂಕರೆಪ್ಪನ ಡ್ರಾವರ್ ಎಳೆದೆ. ಕಾರ್ಡು ಅಂಗಿಯೊಳಗೆ ಇಳಿಸಿದೆ. ತಿರುಗಿದರೆ ಶಂಕರೆಪ್ಪ ಬಾಗಿಲಲ್ಲಿ! ತೆರೆದ ಡ್ರಾವರ್ ಕಡೆ ಒಮ್ಮೆ ನೋಡಿದ. ಎರಡನೇ ಕೋಣೆಯಲ್ಲಿ ಪೆಟ್ಟಿಗೆ ಉರುಳಿವೆ ಬಾ ಎಂದು ಕರೆದ. ಹೋದೆ... ಕುರಿಯ ಹಾಗೆ.

ಒಳಗಿನ ಹಿಡಿಕೆ ಮುರಿದು ವರ್ಷವಾಗಿದೆ. ಮಾಡಿಸಬೇಕಾದವನು ನಾನೇ. ಫೋನಿಗೆ ಸಿಗ್ನಲ್ ಇಲ್ಲ. ಬೆರಳು ಮರಗಟ್ಟಿದವು. ಹಲ್ಲು ಕಟಕಟ. ಉಳಿದದ್ದು ಒಂದೇ ದಾರಿ, ದ್ರಾಕ್ಷಿ ಆರಿಸುವ ಆಚೆಯ ಹಾಲ್‌ಗೆ ಪೆಟ್ಟಿಗೆ ದೂಡುವ ಕಿಂಡಿ. ಪೆಟ್ಟಿಗೆ ಹೋಗುತ್ತದೆ, ಮನುಷ್ಯ ಹೋಗಲಾರ. ಆಚೆ ನಲವತ್ತೆರಡು ಹೆಂಗಸರು ಕುಳಿತಿದ್ದಾರೆ.

ಕೂಗಬಹುದಿತ್ತು. ಆದರೆ ಅವರು ಮೊದಲು ಏನು ಕೇಳುತ್ತಾರೆಂದು ನನಗೆ ಗೊತ್ತು. ಪೊಲೀಸರು ಏನು ಕೇಳುತ್ತಾರೆಂದೂ ಗೊತ್ತು. ಕಾಗದದ ಮೇಲೆ ಇರುವುದು ಶಂಕರೆಪ್ಪನ ಸಹಿಯಲ್ಲ, ನನ್ನದು. ಬಾಗಿಲ ಕಡೆ ಹೋದರೆ ಚಳಿಯಿಂದ ಪಾರು, ಕಿಂಡಿಯ ಕಡೆ ಹೋದರೆ ಮರ್ಯಾದೆ ಮಣ್ಣುಪಾಲು.

ನಾಚಿಕೆ ಬಿಟ್ಟು ಹೇಳುತ್ತೇನೆ. ಬಾಗಿಲಿಗೇ ಹೋದೆ.

ಒಂದು ಸಲ ಬಡಿದೆ. ಎರಡು...

ಮೂರನೆಯದಕ್ಕೆ ಕೈ ಎತ್ತಿದೆ. ಆಚೆ ಕಿಂಡಿಯ ಬಳಿ ದುಂಡವ್ವ ಪೆಟ್ಟಿಗೆ ಎಳೆದುಕೊಳ್ಳಲು ಬಗ್ಗಿರಬೇಕು. ಸೆರಗಿನ ಗಂಟೆ ಕಿಣಿ ಎಂದಿತು.

ಕೈ ಇಳಿಸಿದೆ. ಕಿಂಡಿಗೆ ಬಂದು ಕಾರ್ಡಿನ ಕಟ್ಟನ್ನು ತೆರೆದ ಪೆಟ್ಟಿಗೆಯ ಮೇಲಿಟ್ಟು ಜೋರಾಗಿ ದೂಡಿದೆ. ಯಾವ ಆಸ್ಪತ್ರೆ, ಹೇಗೆ ತೋರಿಸಬೇಕು, ಎಲ್ಲ ಕಿಂಡಿಗೆ ಬಾಯಿಟ್ಟು ಕೂಗಿದೆ. ದುಂಡವ್ವಾ, ಬಸಗೊಂಡನಿಗೆ ಲಗೂನ ಫೋನ್ ಹಚ್ಚು, ಟಗರು ಹೊರಗೆ ಬಿಡಬೇಡ ಎಂದೆ.

ಆಚೆ ರಬ್ಬರ್ ಬ್ಯಾಂಡ್ ಕಳಚಿದ ಸದ್ದು. ಕಾರ್ಡಿನ ಮೇಲೆ ತಮ್ಮ ತಮ್ಮ ಫೋಟೊ ಹುಡುಕುವ ಗಡಿಬಿಡಿ. ದುಂಡವ್ವ ಫೋನಿನಲ್ಲಿ ಅಳುತ್ತ ಮಾತಾಡುವುದು ಕೇಳಿಸಿತು. ಆಮೇಲೆ ಎಲ್ಲರೂ ಒಟ್ಟಿಗೆ ಎದ್ದ ಸದ್ದು, ಬಾಗಿಲ ಕಡೆ ಗದ್ದಲ. ಕೊನೆಗೆ ಶಂಕರೆಪ್ಪನ ಗಾಡಿ ಸ್ಟಾರ್ಟ್ ಆಗಿ ಓಡಿಹೋಯಿತು.

ಬದುಕಿದೆ ಅಂದುಕೊಂಡೆ.

ಕಿಂಡಿಯಲ್ಲಿ ಸಿದ್ದಲಿಂಗವ್ವನ ಮುಖ ಕಂಡಿತು. ಒಂದು ಕೈಯಲ್ಲಿ ಶಂಕರೆಪ್ಪನ ಕೀಲಿಗೊಂಚಲು, ಇನ್ನೊಂದರಲ್ಲಿ ಅವಳ ಕಾರ್ಡು.

"ಗುರುಸಿದ್ದಣ್ಣ, ಇದು ಯಾವಾಗ ಬಂದದ್ದು?"

"ಎರಡು ವರ್ಷ ಆತು."

"ನಮ್ಮ ಟಗರ ಹೋಗಿದ್ದು?"

"ಹೋದ ವರ್ಷ."

"ಹಗ್ಗ ಹಿಡಿದಾವ ನೀನಽ ಅಲ್ಲ?"

"ಹೌದವ್ವ."

ಆಕೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಾರ್ಡನ್ನು ಸೆರಗಿಗೆ ಗಂಟು ಹಾಕಿಕೊಂಡು ಮರೆಯಾದಳು.

ಆಮೇಲೆ ಕಿಂಡಿಯಿಂದ ಒಂದು ಸ್ವೆಟರ್ ಬಂತು.

ಬಾಗಿಲಿಗೆ ಕೀಲಿ ಬರಲಿಲ್ಲ.