ಮೂರು ಗುಹೆಗಳ ಸರದಿ

ಹಗಲಿನಲ್ಲೂ ನಕ್ಷತ್ರಗಳು ಕಾಣುತ್ತಿದ್ದ ಕಾಲದಲ್ಲಿ ಸೋನಗಿರಿ ಎಂಬ ರಾಜ್ಯವಿತ್ತು. ಅಲ್ಲಿನ ಬೆಟ್ಟದ ಮೇಲೆ ಧೂಮಕೇಶನೆಂಬ ಮಾಂತ್ರಿಕ ಮೂರು ಮಾಯಾಗುಹೆಗಳಲ್ಲಿ ಊರಿನ ಜನರನ್ನು ಸೆರೆಯಿಟ್ಟಿದ್ದ. ಬಾಗಿಲಲ್ಲಿ ಹೆಸರು ಹೇಳಿದವರನ್ನು ಗುಹೆಯೇ ಒಳಗೆ ಎಳೆದುಕೊಂಡು ಜಾಗ ಕೊಡುತ್ತಿತ್ತು. ಸಂಜೆ ಅವರು ನೀರು ಕುಡಿಯಲು ಹೊರಬಂದು ಮರಳುತ್ತಿದ್ದರು. ಅಮಾವಾಸ್ಯೆಯ ಸಂಜೆ ಮಾತ್ರ, ಒಂದೊಂದು ಗುಹೆಯಿಂದ ಮೊದಲು ಬಂದವರನ್ನು ಮಾಂತ್ರಿಕನ ಎರಡು ತಲೆಯ ಹುಲಿ ತಿನ್ನುತ್ತಿತ್ತು.

"ಮೂರು ಗುಹೆಗಳಿಂದಲೂ ಮೊದಲು ಬರುವವರನ್ನು ಸರಿಯಾಗಿ ಹೇಳಿದರೆ ಎಲ್ಲರೂ ಬಿಡುಗಡೆ. ಆ ದಿನ ಹುಲಿಗೆ ನಾನೇ ಆಹಾರ. ತಪ್ಪಿದರೆ ಹೇಳಿದವರು ಆಹಾರ" ಎಂದು ಅವನು ಹುಲಿಯ ತಲೆ ಮುಟ್ಟಿ ಆಣೆಯಿಟ್ಟಿದ್ದ.

ಹಿರಿಯ ರಾಜಕುಮಾರ ಮಲ್ಲಿದೇವ ದಿನವೂ ಬೆಟ್ಟದ ಕೆಳಗೆ ನಿಂತು ನೋಡಿದ. ಮೂರನೆಯ ಗುಹೆಯಿಂದ ಪ್ರತಿ ಸಂಜೆ ಮೊದಲು ಬರುತ್ತಿದ್ದವನು ಕುಂಬಾರ ಸೋಮ. ಅದೇ ನಿಯಮವೆಂದು ನಂಬಿ ಅಮಾವಾಸ್ಯೆಯ ಸಂಜೆ ಸೋಮನ ಹೆಸರು ಹೇಳಿದ. ಆದರೆ ಹಿಂದಿನ ದಿನ ಮಾಂತ್ರಿಕ ಆ ಗುಹೆಗೆ ಇನ್ನಷ್ಟು ಜನರನ್ನು ತುಂಬಿದ್ದ. ಗುಹೆ ಹಿಗ್ಗಿ, ಎಲ್ಲರ ಜಾಗವೂ ಅದಲುಬದಲಾಗಿತ್ತು. ಮೊದಲು ಬಂದವಳು ಯಾರೋ ಮುದುಕಿ. ಮಲ್ಲಿದೇವನ ಉಂಗುರವಷ್ಟೇ ಅರಮನೆಗೆ ಬಂತು; ಅವನ ಪುಟ್ಟ ತಮ್ಮನಿಗೆ ಯಾರೂ ಅದನ್ನು ಹೇಳಲಿಲ್ಲ.

ಮರುವಾರ ಮಾಂತ್ರಿಕ ಕಿರಿಯ ರಾಜಕುಮಾರ ಮಾಯಿದೇವನನ್ನೂ ಅದೇ ಗುಹೆಗೆ ಎಳೆದೊಯ್ದ.

"ನಾನು ಹೋಗುತ್ತೇನೆ" ಎಂದಳು ಮಾಯಿದೇವನ ಅಕ್ಕ, ಮಲ್ಲಿದೇವನ ತಂಗಿ ಲಚ್ಚಲೆ.

"ಬೇಡ ಮಗಳೇ, ಉಳಿದವಳು ನೀನೊಬ್ಬಳೇ" ಎಂದ ಅರಸ.

"ಅಪ್ಪಾಜಿ, ಉಳಿದು ಮಾಡುವುದೇನು?"

ಮುಂದಿನ ಅಮಾವಾಸ್ಯೆಯ ಸಂಜೆ ಅವಳು ಬೆಟ್ಟ ಹತ್ತಿದಳು. ಹುಲಿಯ ಒಂದು ತಲೆ ನಿದ್ರಿಸುತ್ತಿತ್ತು, ಇನ್ನೊಂದು ಅವಳ ಪಾದ ಮೂಸಿತು.

"ಬಾ ತಂಗಿ, ಅಣ್ಣನ ರುಚಿ ಇನ್ನೂ ಇದರ ಬಾಯಲ್ಲಿದೆ" ಎಂದ ಧೂಮಕೇಶ.

"ನಾನು ನಿನ್ನ ತಂಗಿಯಲ್ಲ. ಮೊದಲನೆಯ ಗುಹೆ ತೋರಿಸು."

"ಇಲ್ಲಿ ಬಂದ ಕ್ರಮದಲ್ಲೇ ಜಾಗ. ಈಗ ಉಳಿದವರಲ್ಲಿ ಎಲ್ಲರಿಗಿಂತ ಮೊದಲು ಬಂದವನು ಗಾಣದ ಹೊನ್ನಯ್ಯ. ಆದರೆ ನಿನ್ನೆ ಅವನ ಹಳೆಯ ಕೋಳ ಬಿಚ್ಚಿ ಹೊಸದು ಹಾಕಿದ್ದೇನೆ. ಈಗ ಹೇಳು!"

"ಕೋಳ ಹೊಸದಾದರೆ ಮನುಷ್ಯ ಹೊಸಬನಾಗುವುದಿಲ್ಲ. ಹೊನ್ನಯ್ಯನೇ."

ಹೊನ್ನಯ್ಯನೇ ಮೊದಲು ಬಂದ. ಹುಲಿ ಗುರುಗುಟ್ಟಿತು.

ಎರಡನೆಯ ಗುಹೆಯಲ್ಲಿ ಹೆಸರುಗಳ ಅಕ್ಷರಮಾಲೆಯ ಕ್ರಮವೆಂದ ಮಾಂತ್ರಿಕ. "ಇಲ್ಲಿ ಕಳೆದ ಅಮಾವಾಸ್ಯೆಯಿಂದ ಅಮೃತೆಯೇ ಮೊದಲು. ಇಂದು ಬೆಳಿಗ್ಗೆ ಒಳಹೋದವಳು ಅಗಸರ ಅಕ್ಕಮ್ಮ. ನಿನ್ನೆ ಮೊನ್ನೆಯವಳಿಗೆ ಮುಂದಿನ ಜಾಗ ಸಿಗುತ್ತದೆಯೇ?"

"ಎಂದು ಬಂದಳೆಂದು ಈ ಗುಹೆ ಕೇಳುವುದಿಲ್ಲ. ಅಕ್ಕಮ್ಮನೇ."

ಅಕ್ಕಮ್ಮನೇ ಮೊದಲು ಹೊರಬಂದಳು. ಹುಲಿಯ ಎರಡನೆಯ ತಲೆಯೂ ಕಣ್ಣು ತೆರೆಯಿತು.

ಮೂರನೆಯ ಗುಹೆಯ ಮುಂದೆ ಮಾಂತ್ರಿಕ ನಕ್ಕ. "ಇಲ್ಲಿ?"

ಲಚ್ಚಲೆ ಅಣ್ಣನನ್ನು ನೆನೆದಳು. ಅವನ ಕಣ್ಣು ತಪ್ಪಿರಲಿಲ್ಲ. ಕ್ರಮವೇ ಇಲ್ಲದ ಕಡೆ ಅವನು ಕ್ರಮ ಕಂಡಿದ್ದ. ಪ್ರತಿ ಹೆಸರನ್ನೂ ಗುಹೆ ತನಗೆ ತೋಚಿದ ಗೂಡಿಗೆ ಎಸೆಯುತ್ತಿತ್ತು. ಇಲ್ಲಿ ಸಾಲು ಊಹಿಸುವವರಿಗೆ ಸಾವು. ಆದರೆ ಹೆಸರು ಹಿಡಿದು ಕರೆದರೆ? ಬಾಗಿಲಲ್ಲಿ ಹೆಸರು ಕೇಳಿಯೇ ಒಳಗೆಳೆದ ಗುಹೆ, ಅದೇ ಹೆಸರು ಮತ್ತೆ ಕೇಳಿದರೆ ಕರೆದವರ ಮುಂದೆ ಆ ಒಬ್ಬರನ್ನು ನಿಲ್ಲಿಸಲೇಬೇಕು. ಯಾರನ್ನು ಕರೆಯುವುದು? ಮಾಂತ್ರಿಕ ಮಾತು ತಪ್ಪಿದರೆ ಕರೆಸಿಕೊಂಡವನೇ ಹುಲಿಯ ಬಾಯಿಗೆ. ಬೇರೆ ಮನೆಯ ಮಗನನ್ನು ಒಡ್ಡುವುದು ಅವಳಿಂದಾಗದು.

"ಮೊದಲು ಬರುವವನು ನನ್ನ ತಮ್ಮ" ಎಂದಳು.

ಹೆಸರು ಒಂದಕ್ಷರ ತಪ್ಪಿದರೂ ಗುಹೆ ಓಗೊಡದು. ಮನೆಯಲ್ಲಿ ಎಲ್ಲರೂ ಅವನನ್ನು ಪಾಪಣ್ಣ ಎನ್ನುತ್ತಿದ್ದರು. ಬಾಗಿಲಲ್ಲಿ ಅವನು ಯಾವ ಹೆಸರು ಹೇಳಿದ್ದಾನು? ಹೊರಗಿನವರ ಮುಂದೆ ಮುದ್ದಿನ ಹೆಸರು ಹೇಳಿದಾಗಲೆಲ್ಲ ಅವನ ಕಿವಿ ಹಿಂಡಿದ್ದವಳು ಅವಳೇ.

ಮಾಂತ್ರಿಕ ಬಾಗಿಲು ತೆರೆದ. ಒಳಗಿನ ಗದ್ದಲದಲ್ಲಿ ಯಾರೂ ಹೆಜ್ಜೆಯಿಡುವ ಮೊದಲೇ ಲಚ್ಚಲೆ ಗಟ್ಟಿಯಾಗಿ ಕರೆದಳು: "ಮಾಯಿದೇವ!"

ನೆಲದಿಂದ ಚಿಮ್ಮಿದವನಂತೆ ಅವನು ಎದುರಿಗೆ ನಿಂತಿದ್ದ.

"ಇದು ಮೋಸ!" ಎಂದು ಧೂಮಕೇಶ ಕಿರುಚಿದ.

"ಮೊದಲು ಯಾರು ಬಂದರು? ನಿನ್ನ ಹುಲಿಯನ್ನೇ ಕೇಳು."

ಹುಲಿ ಮಾಯಿದೇವನನ್ನು ಮೂಸಿ, ಮುಖ ತಿರುಗಿಸಿತು. ಎರಡೂ ತಲೆಗಳು ಒಟ್ಟಿಗೆ ಆಣೆಯಿಟ್ಟವನ ಕಡೆ ಬಾಯಿ ತೆರೆದವು. ಬೆಟ್ಟ ಒಮ್ಮೆ ನಡುಗಿತು. ಗುಹೆಗಳು ಬರಿಯ ಕಲ್ಲಾದವು, ಹುಲಿ ಬೂದಿಯಾಯಿತು.

"ಅಕ್ಕಾ, ಅಣ್ಣ ಎಲ್ಲಿ?" ಎಂದ ಮಾಯಿದೇವ.

ಅವಳು ತನ್ನ ಬೆರಳಲ್ಲಿದ್ದ ಅಣ್ಣನ ಉಂಗುರ ತೆಗೆದು ಅವನ ಬೆರಳಿಗೆ ತೊಡಿಸಿದಳು. ಅವನು ಅದನ್ನು ಕಣ್ಣಿಗೊತ್ತಿಕೊಂಡ. ಜನ ಮೊದಲು ಬಂದವರು, ಆಮೇಲೆ ಬಂದವರು, ದೊಡ್ಡವರು, ಚಿಕ್ಕವರೆನ್ನದೆ ಒಬ್ಬರನ್ನೊಬ್ಬರು ತಳ್ಳಿಕೊಂಡು ಬೆಟ್ಟ ಇಳಿದರು. ಆ ಅಮಾವಾಸ್ಯೆ ಸೋನಗಿರಿಯ ಪ್ರತಿ ಮನೆಯಲ್ಲೂ ಒಲೆ ಉರಿಯಿತು, ಮುಂದೆಯೂ ಉರಿಯುತ್ತಲೇ ಇತ್ತು.