ಕಲ್ಲಿನ ಕೈಯಲ್ಲಿದ್ದ ಗರಿ

ಆಲ್ಡರ್‌ಫರ್ಡ್ ಪೊಲೀಸ್ ಠಾಣೆಯ ದಾಖಲೆಗಳಲ್ಲಿ ಎರಡು ಕೊಲೆಗಳೂ ಒಂದು ಬ್ಯಾಂಕ್ ದರೋಡೆಯೂ ಇವೆ. ಅವು ಯಾವ ವರ್ಷ ನಡೆದವೆಂದು ಊರಿನವರು ಹೇಳಲಾರರು. ಊರಿನ ಇತಿಹಾಸದಲ್ಲಿ ಅತಿ ಗಂಭೀರವೆಂದು ಎಲ್ಲರೂ ಒಪ್ಪುವ ಪ್ರಕರಣ ದಾಖಲಾದದ್ದು 1994ರ ಮಾರ್ಚ್ 7, ಸೋಮವಾರ. ಅಂದು ಚರ್ಚಿನಿಂದ ಹೆಬ್ಬಾತಿನ ಒಂದು ಗರಿ ಕಳವಾಗಿತ್ತು.

ದೂರು ಕೊಟ್ಟವರು ಪಾದ್ರಿ ಲಯನೆಲ್ ಬ್ರೇ. ಬರೆದುಕೊಂಡವನು ಕಾನ್‌ಸ್ಟೆಬಲ್ ಟ್ರಾಟ್. ಅವನು ಬೇರೆ ಊರಿನಿಂದ ಬಂದು ಇನ್ನೂ ವರ್ಷವಾಗಿರಲಿಲ್ಲ.

"ಗರಿ ಅಂದ್ರೆ, ಬರೀ ಗರಿ?"

"ಲೇಖನಿ ಕಣಯ್ಯಾ. ಕವಿಯ ಕೈಯಲ್ಲಿರೋ ಲೇಖನಿ."

"ಕವಿ ಎಲ್ಲಿದಾರೆ ಈಗ?"

"ಸತ್ತು ಮುನ್ನೂರೆಂಬತ್ತು ವರ್ಷ ಆಯ್ತು."

ಟ್ರಾಟ್ ಪೆನ್ನು ಕೆಳಗಿಟ್ಟು ಇನ್‌ಸ್ಪೆಕ್ಟರನ್ನು ಕರೆಯಲು ಎದ್ದ.

ಇನ್‌ಸ್ಪೆಕ್ಟರ್ ಹೆಸ್ಟರ್ ಕ್ವೇಲ್ ಅದೇ ಊರಿನವಳು. ಚರ್ಚಿಗೆ ಹೋಗುವ ದಾರಿಯಲ್ಲಿ ಟ್ರಾಟ್‌ಗೆ ಅವಳೇ ವಿಷಯ ತಿಳಿಸಿದಳು. ನಿಕೊಲಸ್ ಥರ್ಲೋ ಊರಿನಲ್ಲಿ ಪೀಪಾಯಿ ಮಾಡುವವನ ಮಗ. ಮೂವತ್ತೊಂದು ನಾಟಕಗಳು ಅವನ ಹೆಸರಿನಲ್ಲಿವೆ. ಅವನ್ನು ಬರೆದದ್ದು ಅವನೇ ಎನ್ನುವವರು ಪೀಪಾಯಿ ಪಕ್ಷ. ಲ್ಯಾಟಿನ್ ಸರಿಯಾಗಿ ಬಾರದ ಪೀಪಾಯಿಯವನ ಮಗನಿಗೆ ಅರಮನೆಯ ಒಳಮನೆ ಹೇಗೆ ಗೊತ್ತು, ಬರೆದದ್ದು ಕ್ಯಾರೋ ಪ್ರಭು, ಇವನು ಹೆಸರು ಕೊಟ್ಟನಷ್ಟೆ ಎನ್ನುವವರು ಪ್ರಭು ಪಕ್ಷ. ಪ್ರತಿ ವರ್ಷ ಕವಿದಿನದಂದು ಸಭಾಂಗಣದಲ್ಲಿ ಎರಡೂ ಪಕ್ಷಗಳ ವಾದ ನಡೆಯುತ್ತದೆ. ಊರು ಕೈಯೆತ್ತಿ ಮತ ಹಾಕುತ್ತದೆ. ಸೋತವರು ಹೊಸ ಲೇಖನಿ ಕೆತ್ತಿ ಕೊಡಬೇಕು, ಗೆದ್ದವರು ಅದನ್ನು ಚರ್ಚಿನಲ್ಲಿರುವ ಕವಿಯ ಕಲ್ಲಿನ ಕೈಗೆ ಸಿಕ್ಕಿಸಬೇಕು.

"ಯಾರು ಗೆಲ್ತಾರೆ ಮೇಡಂ?"

"ಪೀಪಾಯಿ. ಯಾವಾಗಲೂ."

"ಮತ್ತೆ ವಾದ ಯಾಕೆ?"

ಹೆಸ್ಟರ್ ಚರ್ಚಿನ ಬಾಗಿಲು ತಳ್ಳಿದಳು. ಹೊರಗಿನಿಂದ ಬಂದವರು ಕೇಳುವ ಪ್ರಶ್ನೆ ಅದು.

ಸ್ಥಳ ಮಹಜರಿನಲ್ಲಿ ಹೀಗೆ ನಮೂದಾಯಿತು: ಬಾಗಿಲು, ಕಿಟಕಿಗಳಿಗೆ ಹಾನಿ ಇಲ್ಲ. ಕಾಣಿಕೆ ಡಬ್ಬಿ ಮುಟ್ಟಿಲ್ಲ. ಕಲ್ಲಿನ ಕೈಯಲ್ಲಿದ್ದ ಲೇಖನಿ ಇಲ್ಲ. ಅದರ ಜಾಗದಲ್ಲಿ ಬೇರೊಂದು ಗರಿ ಇದೆ. ಎರಡೂ ಬದಿಯ ಎಳೆಗಳನ್ನು ಬೋಳಿಸಿದ್ದು ಬರಿಯ ದಂಟು ಉಳಿದಿದೆ. ದಂಟು ಎಡಕ್ಕೆ ಬಾಗಿದೆ.

"ಬಲರೆಕ್ಕೆಯದು," ಎಂದರು ಪಾದ್ರಿ, ಹಲ್ಲುನೋವಿನವರ ಮುಖ ಮಾಡಿ. "ಎಡಗೈಲಿ ಬರೆಯೋರು ಹಿಡಿಯೋದು. ಕ್ಯಾರೋ ಪ್ರಭು ಎಡಚ. ಕವಿದಿನದ ವಾರದಲ್ಲಿ ಇಲ್ಲಿ ಬಲರೆಕ್ಕೆ ಗರಿ ಕಂಡ್ರೆ ಪ್ರಭು ಪಕ್ಷದಿಂದ ಆಕ್ಷೇಪ ಇದೆ ಅಂತ ಅರ್ಥ. ಇಟ್ಟೋರು ತಮ್ಮ ಹೆಸರು ಹೇಳ್ಬೇಕಾಗಿಲ್ಲ."

"ಅದ್ಯಾಕೆ?" ಟ್ರಾಟ್ ಕೇಳಿದ.

"ಹಿಂದೆ ಪ್ರಭು ಪಕ್ಷದೋರಿಗೆ ಪೇಟೇಲಿ ಬ್ರೆಡ್ಡು ಕೊಡ್ತಿರಲಿಲ್ಲ. ಅದಕ್ಕೆ ಗುಟ್ಟು. ಆಕ್ಷೇಪ ಬಂತೋ, ವಾದ ನಡೆಸಲೇಬೇಕು. ಈ ವರ್ಷ ಬರಲ್ಲ ಅಂದ್ಕೊಂಡಿದ್ವಿ."

ಅಂದುಕೊಳ್ಳಲು ಕಾರಣವಿತ್ತು. ಪ್ರಭು ಪಕ್ಷದ ಕೊನೆಯ ಸದಸ್ಯೆ, ಗ್ರಂಥಪಾಲಕಿಯಾಗಿದ್ದ ಮಿಸ್ ರೋವೀನಾ ಸ್ಟಾಕ್, ಜನವರಿಯಲ್ಲಿ ನ್ಯುಮೋನಿಯಾದಿಂದ ತೀರಿಕೊಂಡಿದ್ದರು. ಆಕ್ಷೇಪಿಸುವವರಿಲ್ಲದ ಮೇಲೆ ವಾದವನ್ನು ಕಾಯಂ ಆಗಿ ನಿಲ್ಲಿಸುವುದೆಂದು ಚರ್ಚಿನ ಸಮಿತಿ ತೀರ್ಮಾನಿಸಿತ್ತು. ಸಭಾಂಗಣ ವ್ಯಾಯಾಮದ ತರಗತಿಗೆ ಹೋಗುವುದಿತ್ತು. ಶನಿವಾರ, ಕವಿದಿನದಂದು, ಕವಿಯ ಕೈಗೆ ಪ್ಲಾಸ್ಟಿಕ್ ಲೇಖನಿಯನ್ನು ಅಂಟು ಹಾಕಿ ಕೂರಿಸುವವರಿದ್ದರು.

"ಹಳೇ ಲೇಖನಿ ಏನಾಗ್ತಿತ್ತು?" ಹೆಸ್ಟರ್ ಕೇಳಿದಳು.

"ಏನಾಗೋದು? ಹುಳ ತಿಂದಿರುತ್ತೆ. ಕಸಕ್ಕೆ." ಪಾದ್ರಿ ದನಿ ತಗ್ಗಿಸಿದರು. "ಇದು ಲಂಡನ್ನಿನ ಪ್ರಭು ಪಕ್ಷದವರ ಕೆಲಸ. ಅಲ್ಲೊಂದು ಶಾಖೆ ಇದೆ. ಬರೆದುಕೊಳ್ಳಿ."

ಬರೆದುಕೊಳ್ಳಲಾಯಿತು.

ಮಂಗಳವಾರವಿಡೀ ಟ್ರಾಟ್ ಓಡಾಡಿದ. ಲಂಡನ್ನಿಗೆ ಫೋನ್ ಮಾಡಿದ; ಶಾಖೆ ಮುಚ್ಚಿ ಎರಡು ವರ್ಷವಾಗಿತ್ತು. ಅದರ ಸದಸ್ಯರು ಈಗ ಪ್ರಭುವನ್ನು ಬಿಟ್ಟು ಪ್ರಭುವಿನ ಅತ್ತೆಯನ್ನು ಹಿಡಿದಿದ್ದರು. ನಾಟಕಗಳನ್ನು ಬರೆದವಳು ಅವಳಂತೆ. ಅವರಿಗೆ ಆಲ್ಡರ್‌ಫರ್ಡಿನ ಮೇಲೆ ದ್ವೇಷವಾಗಲಿ ಆಸಕ್ತಿಯಾಗಲಿ ಉಳಿದಿರಲಿಲ್ಲ. ಹೆಬ್ಬಾತುಗಳ ವಿಚಾರಣೆಗೆಂದು ಹೊಳೆದಂಡೆಗೆ ಹೋದ. ಅಲ್ಲಿ ಗರಿಗಳು ಯಾರು ಬೇಕಾದರೂ ಆಯ್ದುಕೊಳ್ಳುವಷ್ಟು ಬಿದ್ದಿದ್ದವು.

"ಒಂದು ಕಚ್ಚಿತು ಮೇಡಂ."

"ಎಲ್ಲಿ?"

"ಹೊಳೆದಂಡೇಲಿ."

"ಅದನ್ನ ಕೇಳಲಿಲ್ಲ. ಹೋಗಲಿ ಬಿಡು."

ಮರುದಿನ ಹೆಸ್ಟರ್ ಮೇಜಿನ ಮೇಲೆ ಬೋಳು ಗರಿಯನ್ನಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಅದನ್ನು ನೋಡುತ್ತ ನೋಡುತ್ತ ಅವಳಿಗೆ ಸಭಾಂಗಣದ ವಾಸನೆ ಬಂತು: ಒದ್ದೆ ಕೋಟುಗಳು, ಸೀಮೆಎಣ್ಣೆ ಒಲೆ, ಯಾರದೋ ಜೇಬಿನ ಪೆಪ್ಪರ್‌ಮಿಂಟು. ಅವಳಿಗಾಗ ಹನ್ನೊಂದು. ಕೂರಲು ಜಾಗವಿಲ್ಲದೆ ಗಂಡಸರು ಕಿಟಕಿಯ ಕಟ್ಟೆಗಳ ಮೇಲೆ ಕೂತಿದ್ದರು. ವೇದಿಕೆಯ ಮೇಲೆ ಒಂದು ಕಡೆ ಹಸಿರು ಟೋಪಿಯ ಮಿಸ್ ಸ್ಟಾಕ್, ಇನ್ನೊಂದು ಕಡೆ ಹೆಸ್ಟರಳ ಶಾಲೆಯ ಲ್ಯಾಟಿನ್ ಮೇಷ್ಟ್ರು ಆಗಸ್ಟಸ್ ಪಿಮ್, ಪೀಪಾಯಿ ಪಕ್ಷದ ಸಿಂಹ.

"ಗಿಡುಗ ಸಾಕದೋನು ಗಿಡುಗದ ಬೇಟೆ ಬಗ್ಗೆ ಹಾಗೆ ಬರೀತಾನೇನ್ರೀ?" ಎಂದಿದ್ದರು ಮಿಸ್ ಸ್ಟಾಕ್.

"ಹಾಗಾದ್ರೆ ಹದಿನೇಳು ಕೊಲೆ ಬರೆದಿದಾನಲ್ಲ, ನಿಮ್ಮ ಪ್ರಭು ಎಷ್ಟು ಜನರನ್ನ ಮುಗಿಸಿದ್ದ?"

"ಹೆಂಡತೀನ ಮಾತ್ರ."

"ಕೊನೇ ಒಂಬತ್ತು ನಾಟಕ ಬರೋ ಹೊತ್ತಿಗೆ ಪ್ರಭು ಸತ್ತಿದ್ದ!"

"ಬರೆದಿಟ್ಟು ಸತ್ತ. ಅಚ್ಚುಕಟ್ಟಿನ ಮನುಷ್ಯ."

ಜನ ಕಾಲಿನಿಂದ ನೆಲ ಬಡಿದಿದ್ದರು. ಕೊನೆಗೆ ಎಂದಿನಂತೆ ಸೋತು ಮಿಸ್ ಸ್ಟಾಕ್ ಲೇಖನಿ ಕೆತ್ತಿದರು. ತುಂಬು ಎಳೆಗಳ, ಬೆಳ್ಳನೆಯ, ಮದುವಣಗಿತ್ತಿಯಂಥ ಗರಿ. ಅದನ್ನು ಕಂಡದ್ದೇ ತಡ ಪಿಮ್ ಕೂಗಿದ್ದರು: "ಬೋಳಿಸಬೇಕು ರೋವೀನಾ! ಆ ಕಾಲದೋರು ಎಳೆ ಬೋಳಿಸಿ ಬರೀತಿದ್ರು. ಇದೇನು ಬರೆಯೋಕೋ, ಗಾಳಿ ಹಾಕ್ಕೊಳ್ಳೋಕೋ?"

ಪ್ರತಿ ವರ್ಷವೂ ಇದೇ ನಡೆಯುತ್ತಿತ್ತು. ಮಿಸ್ ಸ್ಟಾಕ್ ಒಂದು ವರ್ಷವೂ ಬೋಳಿಸಲಿಲ್ಲ.

ಹೆಸ್ಟರ್ ಕೋಟು ಹಾಕಿಕೊಂಡಳು.

ಬುಧವಾರ ಸಂಜೆ ನಾಲ್ಕಕ್ಕೆ ಪಿಮ್ ಬೇಕರಿಯ ಕಿಟಕಿಯ ಪಕ್ಕದ ಮೇಜಿನಲ್ಲಿ, ಸೀಮೆಜೀರಿಗೆ ಹಾಕಿದ ಕೇಕಿನ ಮುಂದೆ ಕೂತಿದ್ದರು. ಎದುರಿನ ಕುರ್ಚಿ ಖಾಲಿಯಿತ್ತು. ಊರಿಗೆಲ್ಲ ಗೊತ್ತಿತ್ತು ಅದು ಮಿಸ್ ಸ್ಟಾಕ್ ಅವರದೆಂದು.

"ಬಾ ಹೆಸ್ಟರ್. ಕೂತ್ಕೋ. ಅಲ್ಲಲ್ಲ, ಈ ಕಡೆ ಕೂತ್ಕೋ."

ಅವಳು ಈ ಕಡೆ ಕೂತಳು. ಟ್ರಾಟ್ ನಿಂತೇ ಇದ್ದ.

"ಸರ್, ಗರಿ ವಿಷಯ ಕೇಳಿದೀರಾ?"

"ಕೇಳ್ದೆ. ನಾಚಿಕೆಗೇಡು. ಪ್ರಭು ಪಕ್ಷದೋರು ಇನ್ನೂ ಇದ್ದಾರೆ ಅಂತಾಯ್ತು." ಅವರ ಮುಖದಲ್ಲಿ ನಾಚಿಕೆಯಾಗಲಿ ಕೋಪವಾಗಲಿ ಇರಲಿಲ್ಲ. "ವಾದ ನಡೆಸಲೇಬೇಕು, ಅಲ್ವಾ? ನಿಯಮ ನಿಯಮವೇ."

"ಭಾನುವಾರ ಸಂಜೆ ಎಲ್ಲಿದ್ರಿ?"

"ಪ್ರಾರ್ಥನೆಗೆ ಹೋಗಿದ್ದೆ. ಕೊನೇ ಸಾಲು."

"ಎಲ್ಲರೂ ಹೋದ ಮೇಲೆ?"

"ಮೊಣಕಾಲು ನೋವು ನೋಡು. ನಿಧಾನಕ್ಕೆ ಎದ್ದೆ."

ಹೆಸ್ಟರ್ ಬೋಳು ಗರಿಯನ್ನು ಮೇಜಿನ ಮೇಲಿಟ್ಟಳು. "ಪ್ರಭು ಪಕ್ಷದೋರು ಅಂದ್ರಿ. ಅವರು ಗರಿ ಬೋಳಿಸ್ತಾರಾ ಸರ್?"

ಪಿಮ್ ಗರಿಯನ್ನು ನೋಡಿದರು. ಆಮೇಲೆ ಕೇಕನ್ನು ನೋಡಿದರು.

"ಬಲರೆಕ್ಕೆಯದನ್ನೇ ಹುಡುಕಿ ತಂದಿದಾರೆ," ಎಂದಳು ಹೆಸ್ಟರ್. "ಎಲ್ಲಾ ಪ್ರಭು ಪಕ್ಷದ ಥರಾನೇ. ಎಳೆ ಮಾತ್ರ ಹಾಗೇ ಬಿಡೋಕೆ ಮನಸ್ಸು ಬಂದಿಲ್ಲ."

"ಎಳೆ ಬಿಟ್ರೆ ತಪ್ಪಲ್ವೇನೇ?" ಪಿಮ್ ತಟ್ಟನೆ ಎಂದರು. "ಆ ಕಾಲದ ಯಾವ ಬರಹಗಾರನೂ..."

ಅಲ್ಲಿಗೆ ನಿಲ್ಲಿಸಿದರು. ಬೇಕರಿಯಲ್ಲಿ ಚಮಚಗಳ ಸದ್ದು ನಿಂತಿತು.

"ಬಿಡೋಕೆ ನೋಡ್ದೆ," ಎಂದರು ಮೆಲ್ಲಗೆ. "ಕೈಯೇ ಕೇಳಲಿಲ್ಲ."

"ಯಾಕೆ ಸರ್?"

"ವಾದ ನಿಲ್ಲುತ್ತೆ ಅಂದ್ರು. ಎದುರಿಗೆ ಯಾರೂ ಇಲ್ವಂತೆ. ಮೂವತ್ತೆಂಟು ವರ್ಷ ನಾನೇ ಸರಿ ಅಂತ ಸಾಧಿಸಿದೀನಿ. ಈಗ ಇಡೀ ಊರು ಹೌದಪ್ಪಾ ಹೌದು ಅಂತ ತಲೆಯಾಡ್ಸುತ್ತೆ. ಅದಕ್ಕಿಂತ ಕಷ್ಟ ಬೇರೆ ಇಲ್ಲ."

"ಆಕ್ಷೇಪಕ್ಕೆ ಗರಿ ಪಕ್ಕದಲ್ಲಿಟ್ಟಿದ್ರೂ ಸಾಕಿತ್ತು. ಲೇಖನಿ ಯಾಕೆ ತೆಗೆದ್ರಿ?"

ಪಿಮ್ ಕೋಟಿನ ಒಳಜೇಬಿನಿಂದ ಮಡಿಸಿದ ಕರವಸ್ತ್ರ ತೆಗೆದು ಬಿಚ್ಚಿದರು. ತುಂಬು ಎಳೆಗಳ ಬಿಳಿ ಗರಿ. ಒಂದು ಅಂಚನ್ನು ಹುಳ ತಿಂದಿತ್ತು.

"ಶನಿವಾರ ಇದನ್ನ ಕಸಕ್ಕೆ ಹಾಕ್ತಿದ್ರು. ಅವಳು ಕೆತ್ತಿದ್ದು ಇದೇ ಕೊನೇದು. ತಪ್ಪಾಗಿದೆ ಅಂತ ಹೇಳಿದ್ದೆ. ಆದ್ರೂ ಚೆನ್ನಾಗಿದೆ, ನೋಡು."

"ಅದನ್ನ ಅವರಿಗೆ ಹೇಳಿದ್ರಾ?"

"ವಾದದಲ್ಲಿ ಹಾಗೆಲ್ಲ ಬಿಟ್ಟುಕೊಡೋಕಾಗುತ್ತಾ?"

ಪಿಮ್ ಅವರನ್ನು ಕಳವಿನ ಆರೋಪದ ಮೇಲೆ ಅಲ್ಲಿಯೇ ದಸ್ತಗಿರಿ ಮಾಡಲಾಯಿತು. ಕೈಕೋಳ ಹಾಕಬೇಕೇ ಎಂದು ಟ್ರಾಟ್ ಕೇಳಿದ. ಹೆಸ್ಟರ್ ಅವನ ಕಡೆ ನೋಡಿದಳು. ಅವನು ಪಿಮ್ ಅವರ ಟೋಪಿ ತಂದುಕೊಟ್ಟ. ಠಾಣೆಯಲ್ಲಿ ಹೇಳಿಕೆ ಪಡೆದು, ಎಚ್ಚರಿಕೆ ಕೊಟ್ಟು, ಅಂದೇ ಬಿಟ್ಟು ಕಳಿಸಿದರು. ಜಪ್ತಿ ಮಾಡಿದ ಲೇಖನಿಯನ್ನು ಚರ್ಚಿಗೆ ಮರಳಿಸಲಾಯಿತು.

ಪಾದ್ರಿ ಆಕ್ಷೇಪವನ್ನು ತಳ್ಳಿಹಾಕಲು ನೋಡಿದರು. ಹೆಸ್ಟರ್ ಒಂದೇ ಪ್ರಶ್ನೆ ಕೇಳಿದಳು: ಆಕ್ಷೇಪಿಸಿದವರು ಅದನ್ನು ನಂಬಬೇಕೆಂದು ನಿಯಮದಲ್ಲಿ ಎಲ್ಲಿದೆ? ಎಲ್ಲಿಯೂ ಇರಲಿಲ್ಲ. ಆಕ್ಷೇಪಿಸಿದವರು ಯಾರೆಂದು ತಿಳಿದುಬಂದರೆ ಅವರೇ ವಾದಿಸಬೇಕೆಂದು ಮಾತ್ರ ಇತ್ತು.

ಶನಿವಾರ ಸಭಾಂಗಣ ತೆರೆಯಿತು. ಪಿಮ್ ದಸ್ತಗಿರಿಯಾದ ಸುದ್ದಿಯಿಂದಾಗಿ ಜನ ಮತ್ತೆ ಕಿಟಕಿಯ ಕಟ್ಟೆಗಳ ಮೇಲೆ ಕೂತರು. ಪೀಪಾಯಿ ಪಕ್ಷಕ್ಕೆ ಬೇರೆ ಯಾರೂ ಸಿಗದೆ ಪಾದ್ರಿಯೇ ಎದ್ದು ಹತ್ತು ನಿಮಿಷ ತೊದಲಿದರು. ಪ್ರಭು ಪಕ್ಷಕ್ಕೆ ಪಿಮ್ ಮಾತಾಡಿದರು. ಗಿಡುಗ, ಅರಮನೆ, ಎಡಗೈ, ಅಚ್ಚುಕಟ್ಟಿನ ಸಾವು: ಮಿಸ್ ಸ್ಟಾಕ್ ಹೇಳುತ್ತಿದ್ದ ಒಂದೊಂದು ಮಾತೂ ಅವರಿಗೆ ಬಾಯಿಪಾಠವಿತ್ತು. ಎಲ್ಲಿ ಅವರು ಮಾತು ನಿಲ್ಲಿಸಿ ನಗುತ್ತಿದ್ದರೋ ಅಲ್ಲಿ ಇವರೂ ನಿಲ್ಲಿಸಿದರು.

ಪ್ರಭು ಪಕ್ಷ ಮೊದಲ ಬಾರಿಗೆ ಗೆದ್ದಿತು. ಪಿಮ್ ಮರುಎಣಿಕೆ ಕೇಳಿದರು. ಫಲಿತಾಂಶ ಬದಲಾಗಲಿಲ್ಲ.