ಬಣ್ಣ ಹಾಕದ ನೀರು

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ತೀರಿಕೊಂಡ ತಮ್ಮ ಅರ್ಧಕ್ಕೆ ನಿಲ್ಲಿಸಿದ್ದ ಕಂಪ್ಯೂಟರನ್ನು ನಾನೇ ಜೋಡಿಸಿ ಮುಗಿಸಿದೆ: ಗಾಜಿನ ಪೆಟ್ಟಿಗೆ, ಒಳಗೆ ದೀಪ, ಯಂತ್ರ ಬಿಸಿಯಾಗದಂತೆ ಕೊಳವೆಗಳಲ್ಲಿ ಸುತ್ತುವ ನೀರು. ಸೋರುತ್ತದೆಯೇ ಎಂದು ನೋಡಲು ಮೊದಲು ಬರೀ ನೀರು ತುಂಬಿ, ಕೆಳಗೆ ಟಿಶ್ಯೂ ಹಾಸಿ ಪಂಪ್ ಓಡಿಸಿದೆ.

ಬೆಳಗ್ಗೆ ಟಿಶ್ಯೂ ಗರಿಗರಿಯಾಗಿಯೇ ಇತ್ತು. ನೀರು ಮಾತ್ರ ಒಂದು ಗುಟುಕಿನಷ್ಟು ಇಳಿದಿತ್ತು.

"ಕೊಳವೆಯೊಳಗಿನ ಗಾಳಿಗುಳ್ಳೆ ಹೊರಗೆ ಹೋದಂತೆ ನೀರು ಇಳಿಯುತ್ತೆ ಕಣಮ್ಮ, ಎರಡು ದಿನದಲ್ಲಿ ನಿಲ್ಲುತ್ತೆ," ಎಂದರು ಕಂಪ್ಯೂಟರ್ ಅಂಗಡಿಯವರು.

ನಿಲ್ಲಲಿಲ್ಲ.

ಆಸ್ಪತ್ರೆಯಲ್ಲಿ ಕೊನೆಯ ದಿನ ತಮ್ಮ, "ಅಕ್ಕಾ, ಒಂದೇ ಒಂದು ಗುಟುಕು ಕೊಡೇ," ಎಂದು ಅಂಗಲಾಚಿದ್ದ. ಡಾಕ್ಟರು ಬೇಡವೆಂದಿದ್ದರು, ನಾನು ಕೊಡಲಿಲ್ಲ.

ಇವತ್ತಿಗೆ ಹದಿನೇಳು ದಿನ. ದಿನವೂ ಇಳಿಯುತ್ತದೆ, ದಿನವೂ ತುಂಬುತ್ತೇನೆ. ನೀರಿನ ಬದಲು ಸುರಿಯಲೆಂದು ಅವನು ಆಸೆಪಟ್ಟು ತಂದಿಟ್ಟಿದ್ದ ಕೆಂಪು ದ್ರವದ ಬಾಟಲಿಯ ಸೀಲ್ ನಾನಿನ್ನೂ ಒಡೆದಿಲ್ಲ. ಅದರ ಮೇಲೆ 'ಕುಡಿಯಬಾರದು' ಎಂದು ಬರೆದಿದೆ.